ಏಳು ಗಂಟೆಯ ಹಿತ್ತಲು

ಬೋರಲಿಂಗಯ್ಯನವರಿಗೆ ನಗಲು ಬರುತ್ತಿರಲಿಲ್ಲ. ಮೂವತ್ತು ವರ್ಷ ಸಸಿ ಬೆಳೆಸಿದವರಿಗೆ ಅದೊಂದು ಕೊರತೆಯೇ ಅಲ್ಲ. ಆದರೆ ವಾರಕ್ಕೆ ಐದು ದಿನ, ಸಂಜೆ ಏಳಕ್ಕೆ, ಅರ್ಧ ಗಂಟೆ ಟಿವಿಯಲ್ಲಿ ಕಾಣಿಸಿಕೊಳ್ಳುವವರಿಗೆ ಕೊರತೆಯೇ. ಅವರು ಕ್ಯಾಮೆರಾದ ಕಡೆ ನೋಡುತ್ತಲೂ ಇರಲಿಲ್ಲ. ಗಿಡದ ಕಡೆ ನೋಡಿಕೊಂಡು, ಗಿಡಕ್ಕೇ ಹೇಳುವವರ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ನಡುನಡುವೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಕಾರ್ಯಕ್ರಮದ ಹೆಸರು 'ಹಿತ್ತಲು'. ನಾನು ಅದರ ನಿರ್ಮಾಪಕಿಯಾಗಿ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಅದಕ್ಕೆ ಮುಂಚೆ ನಾನು ಒಂದು ಗಿಡವನ್ನೂ ನೆಟ್ಟವಳಲ್ಲ. ಹಾಸ್ಟೆಲಿನಲ್ಲಿ ಬೆಳೆದವಳಿಗೆ ಹಿತ್ತಲು ಎಲ್ಲಿಂದ ಬರಬೇಕು.

ನಮ್ಮ ಊರಿನಲ್ಲಿ ಗಿಡ ಬೆಳೆಯುವುದು ಜನ ನೋಡಿದಷ್ಟು. ನೀರು, ಗೊಬ್ಬರ, ಬಿಸಿಲು ಎಲ್ಲ ಊರಿನಲ್ಲೂ ಬೇಕು, ಇಲ್ಲೂ ಬೇಕು. ಇಲ್ಲಿ ಅದರ ಮೇಲೆ ಕಣ್ಣೂ ಬೇಕು. ಅದಕ್ಕೇ ಕ್ಷೌರದಂಗಡಿಯಲ್ಲಿ ಕನ್ನಡಿಯ ಕೆಳಗೆ ಸಾಲಾಗಿ ಕೊತ್ತಂಬರಿ ಡಬ್ಬ ಇಟ್ಟಿರುತ್ತಾರೆ. ಬಸ್ ನಿಲ್ದಾಣದ ನುಗ್ಗೆಮರ ಹೆಂಚು ದಾಟಿ ಬೆಳೆದಿದೆ, ಯಾಕೆಂದರೆ ನಮ್ಮ ಬಸ್ಸುಗಳು ಹೊತ್ತಿಗೆ ಬರುವುದಿಲ್ಲ. ಶಾಲೆಯಲ್ಲಿ ತುಂಟ ಮಕ್ಕಳನ್ನು ಕುಂಬಳದ ಪಾತಿಯ ಮುಂದೆ ಕೂರಿಸುತ್ತಾರೆ, ತುಂಟರು ಹೆಚ್ಚಾದ ವರ್ಷ ಬಿಸಿಯೂಟಕ್ಕೆ ದಿನಾ ಕುಂಬಳದ ಹುಳಿ. ಹೆಣ್ಣು ನೋಡಲು ಬಂದವರು ಮೊದಲು ಹಿತ್ತಲಿಗೆ ಹೋಗಿ ಕರಿಬೇವು ನೋಡುತ್ತಾರೆ. ಅದು ಸೊರಗಿದ್ದರೆ ಆ ಮನೆಯವರು ಒಬ್ಬರ ಮುಖ ಒಬ್ಬರು ನೋಡದೆ ಒಳಗೇ ಇರುತ್ತಾರೆ ಎಂದು ಅರ್ಥ.

ಎಲ್ಲ ಮನೆಯಲ್ಲೂ ಸಾಕಷ್ಟು ಕಣ್ಣು ಇರುವುದಿಲ್ಲ. ಒಂಟಿ ಹೆಂಗಸರು, ಹಾಸಿಗೆ ಹಿಡಿದವರು, ಎರಡೆರಡು ಪಾಳಿ ದುಡಿಯುವವರು ತಮ್ಮ ಕುಂಡಗಳನ್ನು ತಂದು ಟಿವಿ ಕೇಂದ್ರದ ಹಿಂದಿನ ಅಂಗಳದಲ್ಲಿ ಬಿಟ್ಟಿದ್ದರು. ಒಟ್ಟು ಇನ್ನೂರ ಹದಿನಾರು ಕುಂಡ. ಒಂದೊಂದರ ಕತ್ತಿಗೂ ಮನೆಯವರ ಹೆಸರು ಬರೆದ ತಗಡು. ಟಿವಿಯ ಮೂಲಕ ನೋಡಿದರೂ ಗಿಡಕ್ಕೆ ತಗಲುತ್ತದೆ, ಆದರೆ ಕಡಿಮೆ. ಎಂಟು ಮನೆಯವರು ಪರದೆಯಲ್ಲಿ ನೋಡಿದರೆ ಒಬ್ಬರು ಎದುರಿಗೆ ಕೂತು ನೋಡಿದ ಹಾಗೆ ಎಂದು ಬೋರಲಿಂಗಯ್ಯ ಲೆಕ್ಕ ಹಾಕಿದ್ದರು. ಪ್ರತಿ ಶುಕ್ರವಾರ ಬೆಳಿಗ್ಗೆ ಅವರು ಟೇಪು ಹಿಡಿದು ಒಂದೊಂದೇ ಗಿಡವನ್ನು ಅಳೆಯುತ್ತಿದ್ದರು, ನಾನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆ ಎಂದು ತಿಳಿಯಲು ನಮಗೆ ಇದ್ದ ಮಾಪನ ಅದೊಂದೇ. ನಾನು ಸೇರಿದ ಮೇಲೆ ಅಳತೆ ಏರುವುದು ವಾರ ವಾರಕ್ಕೂ ನಿಲ್ಲುತ್ತಾ ಬಂತು. ನಂತರ ಇಳಿಯತೊಡಗಿತು. ಗಿಡ ಗಿಡ್ಡವಾಗುವುದಿಲ್ಲ, ತುದಿ ಒಣಗುತ್ತದೆ, ಒಣಗಿದ್ದನ್ನು ಅಳೆಯುವ ಹಾಗಿಲ್ಲ.

ಶುಕ್ರವಾರ ಮಧ್ಯಾಹ್ನ ತಪ್ಪದೆ ಒಂದು ಫೋನು ಬರುತ್ತಿತ್ತು. ದೇವೀರಮ್ಮ. ಟೆಲಿಫೋನ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರು. ಊರಿನ ಪ್ರತಿ ಕರೆಯನ್ನೂ ಅವರೇ ಜೋಡಿಸಿದ್ದು. ಆಮೇಲೆ ಕೈಯಿಂದ ಜೋಡಿಸುವ ಕೆಲಸವೇ ಹೋಯಿತು, ಅವರ ಕಣ್ಣೂ ಹೋಯಿತು. ಮನೆಯಲ್ಲಿ ಒಂದು ನಿಂಬೆಗಿಡ ಇತ್ತು. ಗಂಡ ಇರುವವರೆಗೆ ಆತ ಬೆಳಿಗ್ಗೆ ಹಲ್ಲುಜ್ಜುತ್ತಾ ಅದರ ಮುಂದೆ ನಿಲ್ಲುತ್ತಿದ್ದರಂತೆ. ಗಂಡ ಸತ್ತ ಮೇಲೆ ಎರಡು ಕಣ್ಣಿನ ಮನೆ ಸೊನ್ನೆ ಕಣ್ಣಿನ ಮನೆಯಾಯಿತು. ಗಿಡವನ್ನು ಕೈಗಾಡಿಯಲ್ಲಿ ನಮ್ಮ ಅಂಗಳಕ್ಕೆ ತಂದರು. ಒಂಬತ್ತು ವರ್ಷದ ಗಿಡ, ಒಂದೂ ಕಾಯಿ ಬಿಟ್ಟಿರಲಿಲ್ಲ. ನಾನು ಸೇರಿದ ತಿಂಗಳು ಅದರಲ್ಲಿ ನಾಲ್ಕು ಮೊಗ್ಗು ಕಂಡವು. ಫೋನಿನಲ್ಲಿ ಹೇಳಿದಾಗ ಆಕೆ, "ಲೈನಲ್ಲೇ ಇದ್ದೀನಿ, ಇನ್ನೊಂದ್ಸಲ ಹೇಳಿ," ಅಂದರು. ನಾನು ನಾಲ್ಕು ಅಂದೆ. ಮುಂದಿನ ಶುಕ್ರವಾರವೂ ಮೊದಲು ಕೇಳಿದ್ದು ಅದನ್ನೇ, ನಾಲ್ಕೂ ಇವೆಯಾ.

ಅದೇ ಹೊತ್ತಿಗೆ ಕೇಂದ್ರದ ಮುಖ್ಯಸ್ಥರಾದ ಜಯತೀರ್ಥ ಸಾರ್ ನನ್ನನ್ನು ಒಳಗೆ ಕರೆದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವ ಮುಂಚೆ ಕಾಫಿ ತರಿಸುವವರು. ಕಾಫಿ ಬಂತು. ಏಳು ಗಂಟೆಗೆ ಊರೆಲ್ಲ ಟಿವಿ ಆರಿಸಿಬಿಡುತ್ತಿದೆ ಎಂದರು. ಗಿಡದ ಹುಚ್ಚು ಇರುವವರಷ್ಟೇ ನೋಡುವ ಕಾರ್ಯಕ್ರಮ ನಡೆಸಲು ಆಗುವುದಿಲ್ಲ, ಅಡುಗೆಯವರು, ಅಂಗಡಿಯವರು, ಕಾಲೇಜು ಹುಡುಗರು ಎಲ್ಲರೂ ನೋಡಬೇಕು ಎಂದರು. ಆರು ವಾರ ಸಮಯ. ಆಗಲಿಲ್ಲವೆಂದರೆ ಆ ಅರ್ಧ ಗಂಟೆ ಸಿನಿಮಾ ಹಾಡಿಗೆ, ಅಂಗಳ ವಾಹನ ನಿಲ್ಲಿಸುವುದಕ್ಕೆ. ಕುಂಡಗಳು ಅವರವರ ಮನೆಗೆ. ನೋಡುವವರಿಲ್ಲದ ಮನೆಗೆ ಹೋದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಇಬ್ಬರೂ ಕಾಫಿ ಕುಡಿದೆವು.

ಅಂದಿನಿಂದ ನಾನು ಮಧ್ಯಾಹ್ನದ ಬುತ್ತಿ ಹಿಡಿದು ನಿಂಬೆಗಿಡದ ಎದುರು ಕೂತು ನೋಡುತ್ತಿದ್ದೆ. ಅಷ್ಟು ದೊಡ್ಡ ಗಿಡಕ್ಕೆ ಒಬ್ಬಳ ಕಣ್ಣು ಯಾವ ಮೂಲೆಗೆ. ಅದನ್ನು ನೋಡಿದಷ್ಟು ಹೊತ್ತು ಪಕ್ಕದ ಮಲ್ಲಿಗೆ ತಪ್ಪಿಹೋಗುತ್ತಿತ್ತು, ಮಲ್ಲಿಗೆ ನೋಡಿದರೆ ಅದರ ಹಿಂದಿನ ಬಸಳೆ. ಕೇಂದ್ರದಲ್ಲಿ ನಾವಿದ್ದದ್ದು ಐದು ಜನ. ಹತ್ತು ಕಣ್ಣು, ಇನ್ನೂರ ಹದಿನಾರು ಕುಂಡ.

ಬೋರಲಿಂಗಯ್ಯನವರನ್ನು ಕೇಳಿದೆ, ಜನ ನೋಡುವ ಹಾಗೆ ಏನು ಮಾಡೋಣ ಎಂದು. ಅವರು ಮಣ್ಣು ಕೆದಕುತ್ತಲೇ ಉತ್ತರ ಕೊಟ್ಟರು. "ಇದು ಇಂಥೋರ ಗಿಡ ಅಂತ ಹೇಳವ್ವ. ಗಿಡ ತೋರ್ಸು, ಯಜಮಾನ್ರ ಹೆಸರು ಹೇಳು. ಜನ ನೋಡೋದು ಗೊತ್ತಿರೋರನ್ನ." ನಾನು ತಲೆಯಾಡಿಸಿದೆ, ಆದರೆ ಬರೆದುಕೊಳ್ಳಲಿಲ್ಲ. ಅರ್ಧ ಗಂಟೆ ತಗಡು ಓದುವ ಕಾರ್ಯಕ್ರಮವನ್ನು ಯಾರು ನೋಡುತ್ತಾರೆ ಎಂದುಕೊಂಡೆ. ಕ್ಯಾಮೆರಾ ಹಿಡಿಯುತ್ತಿದ್ದ ಅನ್ವರ್ ಭಾಯಿಯನ್ನು ಕೇಳಿದೆ. ಅವರು, ಜಗಳ ಇಟ್ಟರೆ ಸತ್ತವರೂ ಎದ್ದು ಬಂದು ನೋಡುತ್ತಾರೆ ಎಂದರು. ತಮಾಷೆಗೆ ಹೇಳಿದ್ದು. ನಾನು ಅದನ್ನು ಬರೆದುಕೊಂಡೆ.

ಹಾಗೆ ಬಂದವರು ಪುಟ್ಟಗೌರಮ್ಮ ಮತ್ತು ಸುಕನ್ಯ, ಅತ್ತೆ ಸೊಸೆ. ಹಿಟ್ಟಿನ ಗಿರಣಿಯ ಪಕ್ಕದ ಮನೆಯವರು. ಕೇಂದ್ರದ ಮುಂದಿನ ಜಗಲಿಯಲ್ಲಿ ಇಬ್ಬರಿಗೂ ಒಂದೊಂದು ಕುಂಡ, ಸೋರೆಬೀಜ ಕೊಟ್ಟೆವು. ಆರು ವಾರದಲ್ಲಿ ಯಾರ ಬಳ್ಳಿಯಲ್ಲಿ ದೊಡ್ಡ ಕಾಯಿ ಬಿಡುತ್ತದೋ ಅವರು ಗೆದ್ದ ಹಾಗೆ. ಬೋರಲಿಂಗಯ್ಯ ನಡುವೆ ನಿಂತು ಸಲಹೆ ಕೊಡಬೇಕು. ಮೊದಲ ದಿನ ಅವರು ಬೀಜವನ್ನು ಎಷ್ಟು ಆಳ ಊರಬೇಕು ಎಂದು ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಶುರುವಾಯಿತು. ಮೂರನೆಯ ದಿನ ಅತ್ತೆಯ ಬೀಜ ಮೊಳೆತಿತ್ತು, ಸೊಸೆಯದು ಇಲ್ಲ. ಪುಟ್ಟಗೌರಮ್ಮ ಕ್ಯಾಮೆರಾದ ಕಡೆ ತಿರುಗಿ, "ಬೀಜದ್ದೇನೂ ತಪ್ಪಿಲ್ಲ ಕಣ್ರೀ. ಇವಳ ಕೈಯಲ್ಲಿ ಬಿದ್ದಿದೆ, ಎಂಟು ಗಂಟೆಗೆ ಮುಂಚೆ ಎದ್ದು ಅಭ್ಯಾಸ ಇಲ್ಲ," ಅಂದರು. ಸುಕನ್ಯ ಸೆರಗು ಸರಿಮಾಡಿಕೊಂಡು, "ಹೌದತ್ತೆ. ನಿಮ್ಮದು ಬೇಗ ಎದ್ದಿದೆ. ಬೆಳಿಗ್ಗೆ ಐದಕ್ಕೇ ತಲೆ ಮೇಲೆ ನಿಂತು ಬೈದರೆ ಪಾಪ, ಎಷ್ಟು ಹೊತ್ತು ಅಂತ ಮಲಗಿರುತ್ತೆ," ಅಂದಳು. ಅನ್ವರ್ ಭಾಯಿ ನಗು ತಡೆಯಲಾರದೆ ಕ್ಯಾಮೆರಾ ಅಲುಗಾಡಿಸಿದರು. ಬೋರಲಿಂಗಯ್ಯ ಎರಡೂ ಕುಂಡಕ್ಕೆ ನೀರು ಹಾಕಿ ಪಕ್ಕಕ್ಕೆ ಸರಿದರು.

ಎರಡನೆಯ ವಾರದ ಹೊತ್ತಿಗೆ ಏಳು ಗಂಟೆಗೆ ಬೀದಿ ಖಾಲಿಯಾಗುತ್ತಿತ್ತು. ಗಿರಣಿಯವನು ಆರೂ ಮುಕ್ಕಾಲಿಗೇ ಬಾಗಿಲೆಳೆದ. ಹೋಟೆಲುಗಳಲ್ಲಿ ಜನ ಅತ್ತೆಯ ಪಕ್ಷ, ಸೊಸೆಯ ಪಕ್ಷ ಎಂದು ಬೇರೆ ಬೇರೆ ಮೇಜಿಗೆ ಕೂತರು. ಆ ಶುಕ್ರವಾರದ ಅಳತೆಯಲ್ಲಿ ಅಂಗಳದ ಗಿಡಗಳು ಒಂದೊಂದೂ ಎರಡು ಬೆರಳು ಎದ್ದಿದ್ದವು. ದೇವೀರಮ್ಮನಿಗೆ ಹೇಳಿದೆ, ನಾಲ್ಕು ಮೊಗ್ಗೂ ಹಸಿರಾಗಿವೆ, ಒಂದು ಬಿರಿಯುವ ಹಾಗಿದೆ ಎಂದು. ಅದು ನಿಜವೇ ಆಗಿತ್ತು. ಫೋನಿನಲ್ಲಿ ಅವರಿಗೆ ನಾನು ಹೇಳಿದ ಕೊನೆಯ ನಿಜ ಅದು.

ಜಯತೀರ್ಥ ಸಾರ್ ಈ ಸಲ ಒಳ್ಳೆಯ ಸುದ್ದಿಗೂ ಕಾಫಿ ತರಿಸಿದರು. ಇನ್ನು ಪ್ರತಿ ಶುಕ್ರವಾರ ಒಂದು ಗಂಟೆ ಉದ್ದದ ವಿಶೇಷ ಸಂಚಿಕೆ ಮಾಡಿ ಎಂದರು. ಅದಕ್ಕೆ ಬೆಳಿಗ್ಗೆಯಿಂದಲೇ ತಯಾರಿ, ಹಾಗಾಗಿ ಗಿಡ ಅಳೆಯಲು ಹೊತ್ತು ಸಿಗಲಿಲ್ಲ. ಬೀದಿ ಖಾಲಿ ಇರುವಾಗ ಟೇಪು ಯಾಕೆ ಎಂದುಕೊಂಡೆ. ಮುಖಗಳನ್ನು ಇನ್ನೂ ಹತ್ತಿರದಿಂದ ತೋರಿಸಿ ಎಂದು ನಾನೇ ಅನ್ವರ್ ಭಾಯಿಗೆ ಹೇಳಿದೆ. ಅತ್ತೆಯ ಹುಬ್ಬು ಏರಿದಾಗ ಪರದೆಯ ತುಂಬ ಹುಬ್ಬು. ಸೊಸೆ ತುಟಿ ಕಚ್ಚಿದಾಗ ಪರದೆಯ ತುಂಬ ತುಟಿ. ಮೊದಲಾದರೆ ಅವರ ಹಿಂದೆ, ತೆರೆದ ಬಾಗಿಲಿನಾಚೆ, ಅಂಗಳದ ಕುಂಡಗಳ ಸಾಲು ಕಾಣುತ್ತಿತ್ತು, ಈಗ ಅದೂ ಹೋಯಿತು. ಕೊನೆಯ ಎರಡು ನಿಮಿಷ ಅಂಗಳ ತೋರಿಸುತ್ತಿದ್ದೆವು. ಅಷ್ಟು ಹೊತ್ತಿಗೆ ಜನ ಎದ್ದು ಅನ್ನಕ್ಕೆ ಇಡುತ್ತಿದ್ದರು, ನಾನೂ ನಾಳೆಯ ಸಂಚಿಕೆಯ ತಯಾರಿಗೆ ಎದ್ದು ಹೋಗಿರುತ್ತಿದ್ದೆ.

ನನಗೆ ತಿಳಿಯಬೇಕಾಗಿದ್ದದ್ದು ನಾಲ್ಕನೆಯ ವಾರ. ಸುಕನ್ಯ ಸೋಮವಾರ ಮುಡಿದಿದ್ದ ಮಲ್ಲಿಗೆ ದಂಡೆ ಗುರುವಾರವೂ ಬಾಡಿರಲಿಲ್ಲ. "ಅಕ್ಕಾ, ಇಲ್ಲಿ ನೋಡಿ. ಬಿಚ್ಚೋಕೆ ಹೋದ್ರೆ ಬರ್ತಿಲ್ಲ, ಬೇರು ಬಿಟ್ಟಂಗಿದೆ," ಎಂದು ನಗುತ್ತಾ ತಲೆ ತಿರುಗಿಸಿದಳು. ದಾರದಲ್ಲಿ ಕಟ್ಟಿದ ಹೂವಿನ ತೊಟ್ಟಿನಿಂದ ಎಳೆಯ ಚಿಗುರು ಬಂದು ಅವಳ ಕಿವಿಯ ತನಕ ಇಳಿದಿತ್ತು. ಊರಿನ ಕಣ್ಣೆಲ್ಲ ಎಲ್ಲಿದೆ ಎಂದು ಆ ಚಿಗುರು ಬಾಯಿಬಿಟ್ಟು ಹೇಳುತ್ತಿತ್ತು. ನಾನು ಕೈ ತಟ್ಟಿದೆ. ಅದನ್ನು ಹತ್ತಿರದಿಂದ ಚಿತ್ರ ತೆಗೆಸಿ ಕಾರ್ಯಕ್ರಮದ ಜಾಹೀರಾತಿಗೆ ಹಾಕಿದೆ. ಮರುದಿನ ಊರಿನ ಅರ್ಧ ಹೆಂಗಸರು ಅದೇ ರೀತಿಯ ದಂಡೆ ಮುಡಿದರು. ಅವರದು ಸಂಜೆಗೆ ಬಾಡಿತು.

ಆ ಶುಕ್ರವಾರ ದೇವೀರಮ್ಮ ಫೋನು ಮಾಡಿದಾಗ ನಾನು ಅಂಗಳಕ್ಕೆ ಹೋಗದೆ ಎರಡು ವಾರವಾಗಿತ್ತು. ಪುಸ್ತಕ ತೆಗೆದು ಹಳೆಯ ಅಳತೆಗೆ ಎರಡು ಬೆರಳು ಸೇರಿಸಿ ಓದಿದೆ. ಅವರು ಮೊಗ್ಗು ಕೇಳಿದರು. ನಾಲ್ಕು ಎಂದೆ. ಆಕೆ ಮೂವತ್ತೊಂದು ವರ್ಷ ಊರಿನವರ ದನಿ ಕೇಳಿದವರು. "ನೀವು ಇವತ್ತು ಕೂತಲ್ಲೇ ಹೇಳ್ತಿದ್ದೀರಿ. ಹೋದ ತಿಂಗಳು ಅಂಗಳದಿಂದ ಓಡಿ ಬಂದು ಹೇಳ್ತಿದ್ರಿ, ಉಸಿರು ಗೊತ್ತಾಗ್ತಿತ್ತು," ಅಂದರು. ಬೈಗುಳದ ದನಿಯಲ್ಲ. ನಾನು ಕೆಲಸ ಜಾಸ್ತಿ ಎಂದೆ. ಫೋನು ಇಟ್ಟ ಮೇಲೂ ಎದ್ದು ಹೋಗಿ ನೋಡಲಿಲ್ಲ. ಹೆದರಿಕೆ ಇತ್ತು. ನೋಡದಿದ್ದರೆ ಹೆದರಿಕೆ ಅಷ್ಟಕ್ಕೇ ನಿಲ್ಲುತ್ತದೆ ಎಂದುಕೊಂಡಿದ್ದೆ.

ಐದನೆಯ ವಾರ ಸೋರೆಬಳ್ಳಿಗಳೂ ಸೋತವು. ಕಾಯಿ ಕಟ್ಟಿದ್ದು ಕೊಳೆತು ಬಿತ್ತು. ಅನ್ವರ್ ಭಾಯಿ ಸಂತೆಯಿಂದ ಎರಡು ಸೋರೆಕಾಯಿ ತಂದರು, ಹೊರಗಿನ ಊರಿನಿಂದ ಲಾರಿಯಲ್ಲಿ ಬಂದವು. ನಾನು ಅವನ್ನು ಹಸಿರು ದಾರದಲ್ಲಿ ಬಳ್ಳಿಗೆ ಕಟ್ಟಿದೆ. ಅಂದು ಸಂಜೆ ಸೊಸೆಯ ಕಾಯಿ ಕಂಡು ಹೋಟೆಲಿನ ಒಂದು ಮೇಜಿನವರು ಎಲ್ಲರಿಗೂ ಕೇಸರಿಬಾತು ಹಂಚಿದರಂತೆ. ಬೋರಲಿಂಗಯ್ಯ ದಾರವನ್ನು ನೋಡಿದರು. "ಬಾರವ್ವ ಇಲ್ಲಿ," ಎಂದು ನನ್ನನ್ನು ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋದರು.

ಕಾಲಿಟ್ಟ ಕಡೆಯೆಲ್ಲ ಸರಸರ ಸದ್ದು. ಕರಿಬೇವಿನ ಎಲೆ ನೆಲದ ಮೇಲೆ ಚಾಪೆಯ ಹಾಗೆ ಬಿದ್ದಿತ್ತು. ಮಣ್ಣು ಮಾತ್ರ ಒದ್ದೆಯಾಗಿತ್ತು, ಅವರು ಒಂದು ದಿನವೂ ನೀರು ತಪ್ಪಿಸಿರಲಿಲ್ಲ. ಬೆಳಕು ಇರುವಷ್ಟು ಹೊತ್ತೂ ಕುಂಡದಿಂದ ಕುಂಡಕ್ಕೆ ನಡೆಯುತ್ತಾ ನೋಡಿದ್ದರಂತೆ. ಅವರ ಕಣ್ಣು ಕೆಂಪಗೆ ಊದಿಕೊಂಡಿತ್ತು. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದೆ, ದನಿ ಜೋರಾಗಿಯೇ ಬಂತು. ಅವರು ಹೇಳಿದ್ದರು. ಮೂರು ಸಲ. ಮೊದಲ ಸಲ ನಾನು ವಿಶೇಷ ಸಂಚಿಕೆಯ ಬಣ್ಣದ ಕಾಗದ ಕತ್ತರಿಸುತ್ತಿದ್ದೆ, ಉಳಿದ ಎರಡು ಸಲ ಏನು ಮಾಡುತ್ತಿದ್ದೆನೋ ನನಗೆ ನೆನಪಿಲ್ಲ. "ಜನ ನೋಡ್ತಾವ್ರೆ, ಇಲ್ಲ ಅನ್ನಕಿಲ್ಲ," ಅಂದರು. "ಮುಖ ನೋಡ್ತಾವ್ರೆ." ನಿಂಬೆಯಲ್ಲಿ ಒಂದು ಮೊಗ್ಗು ಉಳಿದಿತ್ತು.

ಮರುದಿನ ನಾನು ಜಯತೀರ್ಥ ಸಾರ್ ಹತ್ತಿರ ಹೋಗಿ, ಆ ಸಂಜೆ ಗಿಡಗಳನ್ನಷ್ಟೇ ತೋರಿಸುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಊರಿಗೆ ಊರೇ ಕಾಯುತ್ತಿದೆ, ಈಗ ಒಣಗಿದ ಕಡ್ಡಿ ತೋರಿಸಿದರೆ ನಾಳೆಯಿಂದ ಒಬ್ಬರೂ ಉಳಿಯುವುದಿಲ್ಲ ಎಂದರು. ಲೆಕ್ಕ ತಪ್ಪಿರಲಿಲ್ಲ. ನಾನು ತಲೆಯಾಡಿಸಿ ಬಂದೆ. ಪುಟ್ಟಗೌರಮ್ಮನವರಿಗೂ ಸುಕನ್ಯಳಿಗೂ ಇವತ್ತು ರಜೆ ಎಂದು ಹೇಳಿ ಕಳಿಸಿದೆ. ಇಬ್ಬರೂ ಹೋಗಲಿಲ್ಲ. ಅಂಗಳ ಕಂಡ ಮೇಲೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಣಗಿದ ಎಲೆ ಗುಡಿಸತೊಡಗಿದರು, ಸೊಸೆ ಮೊರ ಹಿಡಿದಳು. ಐದು ವಾರದಲ್ಲಿ ಅವರಿಬ್ಬರೂ ಬಾಯಿಮುಚ್ಚಿ ಮಾಡಿದ ಕೆಲಸ ಅದೊಂದೇ, ಅದನ್ನು ಚಿತ್ರ ತೆಗೆಯಲಿಲ್ಲ.

ಏಳಕ್ಕೆ ಕ್ಯಾಮೆರಾ ನೇರ ಅಂಗಳಕ್ಕೆ ತಿರುಗಿತು. ಬೋರಲಿಂಗಯ್ಯ ಎಂದಿನಂತೆ ಬೆನ್ನು ತೋರಿಸಿಕೊಂಡು ಕುಂಡದಿಂದ ಕುಂಡಕ್ಕೆ ಹೋಗುತ್ತಾ ತಗಡು ಓದಿದರು. ಇದು ಬಳೆ ಅಂಗಡಿ ನಂಜಮ್ಮನ ಮಲ್ಲಿಗೆ, ಕಾಲು ಮುರಿದುಕೊಂಡು ಮಲಗಿದ್ದಾರೆ. ಇದು ಬಸ್ ಕಂಡಕ್ಟರ್ ಮರಿಸ್ವಾಮಿಯ ದಾಸವಾಳ. ಇದು ಆಸ್ಪತ್ರೆಯ ಸಿಸ್ಟರ್ ಫಿಲೋಮಿನಾ ಅವರ ಕರಿಬೇವು, ಹಗಲೂ ಡ್ಯೂಟಿ, ರಾತ್ರಿಯೂ ಡ್ಯೂಟಿ. ಪಕ್ಕದ ಕೋಣೆಯಲ್ಲಿ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅತ್ತೆ ಸೊಸೆ ಎಲ್ಲಿ, ಕಾಸಿಲ್ಲದೆ ಸಿಗುವ ಮಜಾವನ್ನೂ ಕಿತ್ತುಕೊಂಡಿರಾ, ಇದೇನು ಸ್ಮಶಾನವಾ ಎಂದು ಜನ ಬೈದರು. ಎಷ್ಟೋ ಮನೆಯವರು ಆರಿಸಿಬಿಟ್ಟರು. ಆದರೆ ನನ್ನ ಕಣ್ಣೆದುರೇ ನಂಜಮ್ಮನ ಮಲ್ಲಿಗೆಯ ಬುಡದಲ್ಲಿ ಹಸಿರು ಏರಿತು. ಅವರ ಅಂಗಡಿಯಲ್ಲಿ ಬಳೆ ತೊಡದ ಹೆಂಗಸು ಊರಿನಲ್ಲಿ ಇರಲಿಲ್ಲ. ಕಂಡಕ್ಟರನ ದಾಸವಾಳ ತಲೆಯೆತ್ತಿತು, ಸಿಸ್ಟರ್ ಕರಿಬೇವಿನಲ್ಲಿ ಕಡ್ಡಿಯ ತುದಿ ಮೃದುವಾಯಿತು. ಗೊತ್ತಿದ್ದವರ ಗಿಡವನ್ನು ಗೊತ್ತಿದ್ದವರು ನೋಡುತ್ತಿದ್ದರು.

ಏಳೂ ಇಪ್ಪತ್ತಕ್ಕೆ ನಿಂಬೆಯ ಸರದಿ. "ಇದು ದೇವೀರಮ್ಮ ಅವರದು. ಟೆಲಿಫೋನ್ ಆಫೀಸು," ಎಂದು ಓದಿ ಬೋರಲಿಂಗಯ್ಯ ನಿಂತರು. ಬೇರೆ ಗಿಡಕ್ಕಿಂತ ಹೆಚ್ಚು ಹೊತ್ತು ನಿಂತರು. ನಾನೂ ನೋಡಿದೆ. ಒಂದು ಎಲೆಯೂ ಅಲುಗಲಿಲ್ಲ. ಊರಿನ ಪ್ರತಿಯೊಬ್ಬರೂ ಆಕೆಯ ಜೊತೆ ನೂರಾರು ಸಲ ಮಾತಾಡಿದ್ದರು, ಒಬ್ಬರಿಗೂ ಹೆಸರು ಗೊತ್ತಿರಲಿಲ್ಲ, ಮುಖವೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ದನಿ. ಫೋನು ಪಕ್ಕದ ಕೋಣೆಯಲ್ಲೇ ಇತ್ತು. ಆಕೆಗೆ ಫೋನು ಮಾಡಿ, ಆ ದನಿಯನ್ನು ಅರ್ಧ ನಿಮಿಷ ಊರಿಗೆ ಕೇಳಿಸಿದ್ದರೆ ಸಾಕಿತ್ತು. ಇದು ನನಗೆ ಹೊಳೆದದ್ದು ಏಳೂ ನಲವತ್ತಕ್ಕೆ, ಕ್ಯಾಮೆರಾ ಆರಿದ ಮೇಲೆ.

ಮರುದಿನದಿಂದ ಆ ಹೊತ್ತಿಗೆ ಸಿನಿಮಾ ಹಾಡು ಬಂತು. ಜಯತೀರ್ಥ ಸಾರ್ ನನ್ನನ್ನು ಕರೆಯಲಿಲ್ಲ, ಕಾಫಿ ಮಾತ್ರ ಕಳಿಸಿದರು. ಜನ ಬಂದು ಅವರವರ ಕುಂಡ ಒಯ್ದರು, ಯಾವುದು ಒಣಗಿದೆ, ಯಾವುದು ಉಳಿದಿದೆ ಎಂದು ನಾನು ಪುಸ್ತಕದಲ್ಲಿ ಬರೆದುಕೊಂಡೆ. ಹೆಚ್ಚಿನವರು ಮಣ್ಣು ಸುರಿದು ಕುಂಡವನ್ನಷ್ಟೇ ತೆಗೆದುಕೊಂಡು ಹೋದರು. ಯಾರೂ ಜಗಳವಾಡಲಿಲ್ಲ. ಅವರೆಲ್ಲ ಐದು ವಾರವೂ ಕಾರ್ಯಕ್ರಮ ನೋಡಿ ನಕ್ಕವರೇ.

ದೇವೀರಮ್ಮ ಶುಕ್ರವಾರ ಮಧ್ಯಾಹ್ನ ಬಂದರು, ಫೋನು ಮಾಡುವ ಹೊತ್ತಿಗೆ ಸರಿಯಾಗಿ. ಪಕ್ಕದ ಮನೆಯ ಹೆಂಗಸು ಕೈಹಿಡಿದು ಕರೆತಂದಿದ್ದರು. ನಾನು ನಿಂಬೆಯ ಹತ್ತಿರ ಕರೆದುಕೊಂಡು ಹೋದೆ. ಆಕೆ ಒಂದು ಎಲೆ ಹಿಡಿದು ಬೆರಳಲ್ಲಿ ಉಜ್ಜಿದರು. ಪುಡಿಯಾಯಿತು. ಮೂಗಿನ ಹತ್ತಿರ ಒಯ್ದರು. ವಾಸನೆ ಇರಲಿಲ್ಲವೆಂದು ಕಾಣುತ್ತದೆ, ಮತ್ತೊಂದು ಎಲೆ ಹುಡುಕಿದರು, ಸಿಗಲಿಲ್ಲ. ಯಾವ ವಾರದಿಂದ ಸುಳ್ಳು ಹೇಳುತ್ತಿದ್ದೀರಿ ಎಂದು ಕೇಳುತ್ತಾರೆ ಎಂದು ನಾನು ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಆಕೆ ಅದನ್ನು ಕೇಳಲಿಲ್ಲ. ಕೈ ಕೊಡವಿಕೊಂಡು, "ಎಷ್ಟು ಹೋದವು? ಪುಸ್ತಕ ತಗೊಂಡು ಬಂದು ಓದಿ. ಈ ಸಲ ಸರಿಯಾಗಿ," ಅಂದರು.

ನಾನು ಒಳಗೆ ಓಡಿ ಹೋಗಿ ಪುಸ್ತಕ ತಂದು ಓದಿದೆ. ಕುಂಡ ಇನ್ನೂರ ಹದಿನಾರು, ಉಳಿದದ್ದು ಹನ್ನೊಂದು. ಹೋದದ್ದು ಮಲ್ಲಿಗೆ ಅರವತ್ತೊಂದು. ದಾಸವಾಳ ಐವತ್ತು. ಕರಿಬೇವು ನಲವತ್ತೆರಡು. ಬಸಳೆ, ಹೀರೆ, ಕುಂಬಳ ಸೇರಿ ಬಳ್ಳಿ ಐವತ್ತೊಂದು. ನಿಂಬೆ ಒಂದು, ಮೊಗ್ಗು ನಾಲ್ಕು.